ಟೀಮಿಗೆ ಆಯ್ಕೆಯಾಗದವರ ಮಾಸ್ತರು

ನಮ್ಮ ಶಾಲೆ ಇರುವುದು ವಿಜಯಪುರ ಜಿಲ್ಲೆಯಲ್ಲಿ, ಡೋಣಿ ಹೊಳೆಯ ಸೀಮೆಯ ಎರೆ ಮಣ್ಣಿನ ಮೇಲೆ. ‘ಡೋಣಿ ಹರಿದರೆ ಓಣೆಲ್ಲ ಜೋಳ’ ಅಂತ ನಮ್ಮ ಕಡೆ ಹೇಳುತ್ತಾರೆ. ಜೋಳಕ್ಕೆ ಅಷ್ಟು ಒಳ್ಳೆಯದಾದ ಮಣ್ಣು ಓಡುವ ಮಕ್ಕಳಿಗೆ ಒಳ್ಳೆಯದಲ್ಲ. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಬಿರುಕಿಗೆ ಪಾದ ಸಿಕ್ಕರೆ ಹಿಮ್ಮಡಿ ಉಳುಕುವುದು ಖಂಡಿತ. ನಮ್ಮ ಪಿ.ಟಿ. ಮಾಸ್ತರು ಶಾಲೆಗೆ ಬಂದ ವರ್ಷ ಮೊದಲು ಮಾಡಿದ ಕೆಲಸ ಅಂದರೆ, ಊರಿನ ಹಿರಿಯರನ್ನು ಕೇಳಿ ಟ್ರ್ಯಾಕ್ಟರ್‌ನಲ್ಲಿ ಗರಸು ತರಿಸಿದ್ದು. ಮೈದಾನದ ಒಂದು ಮೂಲೆಗೆ, ಖೋಖೋ ಅಂಗಳ ಹಿಡಿಸುವಷ್ಟು ಜಾಗಕ್ಕೆ, ಅದನ್ನು ಹಾಕಿಸಿದರು. ನೀರು ಹೊಡೆದು ರೋಲರ್ ಎಳೆಸಿದರು. ಕಲ್ಲು ಆರಿಸುವ ಕೆಲಸ ನಮ್ಮದು. ಆ ಅಂಗಳ ಆದಮೇಲೆ ಶಾಲೆಯ ಗಂಟೆ ಹೊಡೆಯುವ ಮೊದಲೇ ಮಕ್ಕಳು ಬರಲು ಶುರು ಮಾಡಿದರು.

ಇದು ತೊಂಬತ್ತರ ದಶಕದ ಮಾತು. ಬಾಗಲಕೋಟೆ ಇನ್ನೂ ನಮ್ಮ ಜಿಲ್ಲೆಯೊಳಗೇ ಇತ್ತು. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬಿಜಾಪುರ ಅಂತಿದ್ದ ಹೆಸರು ವಿಜಯಪುರ ಆದದ್ದು 2014ರಲ್ಲಿ. ಹಾಗಾಗಿ ನಮ್ಮ ಕಾಲದ ಜಿಲ್ಲಾ ಕ್ರೀಡಾಕೂಟ ಅಂದರೆ ಮುಧೋಳ, ಜಮಖಂಡಿ, ಬಾದಾಮಿ, ಇಂಡಿ, ಸಿಂದಗಿ ಎಲ್ಲ ಕಡೆಯ ಮಕ್ಕಳು ಒಂದೇ ಮೈದಾನಕ್ಕೆ ಬರುತ್ತಿದ್ದ ಜಾತ್ರೆ. ಅಲ್ಲಿಂದ ಶೀಲ್ಡ್ ತಂದ ಶಾಲೆಗೆ ಊರಲ್ಲಿ ಮೆರವಣಿಗೆ. ನಮ್ಮ ಶಾಲೆಗೂ ಶೀಲ್ಡ್ ಬಂದಿವೆ. ಅವನ್ನು ಆಫೀಸಿನ ಕಪಾಟಿನಲ್ಲಿ ನೀವು ನೋಡೇ ಇರುತ್ತೀರಿ. ಆದರೆ ನಾನು ಬರೆಯಬೇಕೆಂದು ಕೂತದ್ದು ಆ ಶೀಲ್ಡುಗಳ ಬಗ್ಗೆ ಅಲ್ಲ. ನಾನು ಯಾವ ಟೀಮಿನಲ್ಲೂ ಇರಲಿಲ್ಲ. ಆದರೂ ಮೂರು ವರ್ಷ ವಾರಕ್ಕೆ ಹಲವು ಸಲ ಬೆವರು ಸುರಿಯುವ ತನಕ ಆಡಿದೆ. ಅದು ಸಾಧ್ಯವಾದದ್ದು ಆ ಮಾಸ್ತರರ ಒಂದು ಹಟದಿಂದ.

ಬೇರೆ ಶಾಲೆಗಳಲ್ಲಿ ಆಟದ ಪೀರಿಯಡ್ ಹೇಗಿರುತ್ತಿತ್ತು ಗೊತ್ತಲ್ವಾ? ಚೆನ್ನಾಗಿ ಆಡುವ ಹತ್ತು ಹನ್ನೆರಡು ಮಂದಿ ಆಡುತ್ತಾರೆ. ಉಳಿದವರು ಬೇವಿನ ಮರದ ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಮಾಸ್ತರು ಇದನ್ನು ಒಪ್ಪುತ್ತಿರಲಿಲ್ಲ. ಒಮ್ಮೆ ಹೆಡ್‌ಮಾಸ್ತರರು ‘ಜಿಲ್ಲಾ ಮಟ್ಟ ಹತ್ತಿರ ಬಂತು, ಟೀಮಿನ ಕಡೆ ಜಾಸ್ತಿ ಗಮನ ಕೊಡ್ರಿ’ ಅಂದಾಗ ಅವರು ಕೊಟ್ಟ ಉತ್ತರ ನಮ್ಮ ಕಿವಿಗೂ ಬಿತ್ತು. ‘ಟೀಮಿನ ಹನ್ನೆರಡು ಮಂದಿ ನಾ ಇಲ್ಲದಿದ್ರೂ ಆಡ್ತಾರ್ರೀ. ನಾ ಬೇಕಾಗಿರೋದು ಉಳಿದವರಿಗೆ.’ ಟೀಮಿನ ಅಭ್ಯಾಸವನ್ನು ಅವರು ಬೆಳಿಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆ ಬಿಟ್ಟ ಮೇಲೆ ಮಾಡಿಸುತ್ತಿದ್ದರು. ಪೀರಿಯಡ್ ಮಾತ್ರ ಇಡೀ ತರಗತಿಯದು.

ಖೋಖೋ ಆಡಿಸಿದರೆ ಒಂದೇ ಅಂಗಳದಲ್ಲಿ ಸರತಿ ಕಾಯಿಸುತ್ತಿರಲಿಲ್ಲ. ಪಕ್ಕದಲ್ಲೇ ಸುಣ್ಣದಲ್ಲಿ ಇನ್ನೊಂದು ಚಿಕ್ಕ ಅಂಗಳ ಎಳೆಯುತ್ತಿದ್ದರು. ಕಂಬಕ್ಕೆ ಬದಲು ಇಬ್ಬರು ಹುಡುಗರು ನಿಲ್ಲುತ್ತಿದ್ದರು. ಖೋಖೋ ನಿಯಮ ನಿಮಗೆ ಗೊತ್ತು. ಎಂಟು ಮಂದಿ ಒಬ್ಬರ ಮುಖ ಈ ಕಡೆ, ಪಕ್ಕದವರ ಮುಖ ಆ ಕಡೆ ಮಾಡಿ ಕೂತಿರುತ್ತಾರೆ. ಒಬ್ಬರು ಬೆನ್ನಟ್ಟುತ್ತಾರೆ. ಓಡುವವರು ಮೂವರು ಮೂವರಾಗಿ ಒಳಗೆ ಬರುತ್ತಾರೆ. ಬೆನ್ನಟ್ಟುವವರು ಹಿಡಿದ ದಿಕ್ಕು ಬದಲಿಸುವ ಹಾಗಿಲ್ಲ, ನಡುಗೆರೆ ದಾಟುವ ಹಾಗಿಲ್ಲ. ಜೋರಾಗಿ ಓಡಲು ಬಾರದವರಿಗೂ ಈ ಆಟದಲ್ಲಿ ಕೆಲಸ ಇದೆ. ಸರಿಯಾದ ಹೊತ್ತಿಗೆ ಏಳುವುದು, ಸರಿಯಾದ ಹೊತ್ತಿಗೆ ಖೋ ಕೊಡುವುದು. ದಪ್ಪಗಿದ್ದ ಒಬ್ಬ ಗೆಳತಿ ನಮ್ಮ ತರಗತಿಯಲ್ಲಿದ್ದಳು. ಓಟದಲ್ಲಿ ಯಾವಾಗಲೂ ಕೊನೆ. ಕಂಬದ ಪಕ್ಕದ ಚೌಕದಲ್ಲಿ ಕೂತರೆ ಮಾತ್ರ ಅವಳನ್ನು ತಪ್ಪಿಸಿ ಹೋಗುವುದು ಕಷ್ಟ. ಮಾಸ್ತರು ಅವಳಿಗೆ ಆ ಜಾಗ ಹುಡುಕಿಕೊಟ್ಟರು. ಅವಳು ಅದನ್ನು ಹತ್ತನೇ ತರಗತಿಯ ತನಕ ಬಿಟ್ಟುಕೊಡಲಿಲ್ಲ.

ಆಗಸ್ಟ್ ಹದಿನೈದು ಹತ್ತಿರ ಬಂದರೆ ಲೇಜಿಮ್ ಹೊರಗೆ ಬರುತ್ತಿತ್ತು. ಕಟ್ಟಿಗೆಯ ಹಿಡಿ, ಕಬ್ಬಿಣದ ಸರಪಳಿ, ಅದರಲ್ಲಿ ಬಿಲ್ಲೆಗಳು. ಹಲಗೆ ಬಾರಿಸುವ ತಾಳಕ್ಕೆ ಬಗ್ಗಿ, ಎದ್ದು, ತಿರುಗಿ, ಕೂತು ಆಡಿದರೆ ತೊಡೆ ಮರುದಿನ ಮಾತಾಡುತ್ತಿತ್ತು. ಲೇಜಿಮ್‌ನಲ್ಲಿ ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ. ಆಟ ಅಂದರೆ ಅಂಜುತ್ತಿದ್ದ ಎಷ್ಟೋ ಮಕ್ಕಳು ಮೊದಲು ಮೈ ಬಿಟ್ಟದ್ದು ಅಲ್ಲೇ. ಈಗಿನ ಶಾಲೆಗಳಲ್ಲಿ ಸ್ಪೀಕರ್ ಹಚ್ಚಿ ಸಿನಿಮಾ ಹಾಡಿಗೆ ಡಾನ್ಸ್ ಮಾಡಿಸುತ್ತಾರೆ. ಅದೂ ಬೇಡ ಅನ್ನುವುದಿಲ್ಲ. ಆದರೆ ಡಾನ್ಸಿಗೂ ಎಂಟು ಮಂದಿಯನ್ನು ಆರಿಸಿಬಿಡುತ್ತಾರೆ. ಲೇಜಿಮ್‌ಗೆ ಇಡೀ ಶಾಲೆ ನಿಲ್ಲುತ್ತಿತ್ತು.

ಮಾಸ್ತರು ಓದಿದ್ದು ಎಷ್ಟು, ಅನುಭವದಿಂದ ಕಲಿತದ್ದು ಎಷ್ಟು, ನನಗೆ ಗೊತ್ತಿಲ್ಲ. ಅವರು ಆಗ ಹೇಳಿದ ಮಾತುಗಳನ್ನು ನರ್ಸಿಂಗ್ ಓದುವಾಗ ಪುಸ್ತಕದಲ್ಲಿ ಕಂಡು ಬೆರಗಾದೆ. ‘ಓಡುವಾಗ ಮಾತಾಡಾಕ ಬರಬೇಕು, ಹಾಡಾಕ ಬರಬಾರದು’ ಅನ್ನುತ್ತಿದ್ದರು. ವ್ಯಾಯಾಮದ ತೀವ್ರತೆ ಮಧ್ಯಮ ಮಟ್ಟದಲ್ಲಿದೆಯೇ ಎಂದು ನೋಡಲು ವೈದ್ಯರು ಇವತ್ತಿಗೂ ಬಳಸುವ ಪರೀಕ್ಷೆ ಇದೇ. ಮಾತಾಡಲೂ ಆಗುತ್ತಿಲ್ಲ ಅಂದರೆ ಜೋರಾಯಿತು, ಆರಾಮಾಗಿ ಹಾಡಬಹುದು ಅಂದರೆ ಸಾಲದು. ಗಡಿಯಾರ ಬೇಡ, ಯಂತ್ರ ಬೇಡ.

ನೀರಿನ ವಿಷಯದಲ್ಲೂ ಹಾಗೇ. ಆಡುವಾಗ ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ ಅಂತ ಆಗ ಎಲ್ಲರೂ ನಂಬಿದ್ದರು. ಬಾಯಾರಿದ ಮಕ್ಕಳನ್ನು ಗದರಿಸಿ ಓಡಿಸುವವರೂ ಇದ್ದರು. ನಮ್ಮ ಮಾಸ್ತರು ಅಂಗಳದ ಪಕ್ಕದಲ್ಲೇ ಮಣ್ಣಿನ ಹರವಿ ಇಡಿಸಿದ್ದರು. ನಡುನಡುವೆ ಸೀಟಿ ಊದಿ ಎಲ್ಲರಿಗೂ ಕುಡಿಸುತ್ತಿದ್ದರು. ಮಾರ್ಚ್ ಬಂದರೆ ಮಧ್ಯಾಹ್ನದ ಆಟ ಬಂದ್. ವಿಜಯಪುರದ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ತಲೆ ಸುತ್ತು, ವಾಕರಿಕೆ, ತಲೆನೋವು ಅಂದ ಮಗುವನ್ನು ಕೂಡಲೇ ನೆರಳಿಗೆ ಕರೆದೊಯ್ದು ಮೈಗೆ ನೀರು ಹಚ್ಚುತ್ತಿದ್ದರು. ‘ಸುಮ್ನೆ ನಾಟಕ ಮಾಡ್ತಿ’ ಅನ್ನುವ ಮಾತು ಅವರ ಬಾಯಿಂದ ಬರಲಿಲ್ಲ.

ಒಂದು ಸಂಗತಿ ಬರೆಯಲೇಬೇಕು. ನಮ್ಮ ತರಗತಿಯ ಒಬ್ಬ ಹುಡುಗಿ ಸ್ವಲ್ಪ ಓಡಿದರೂ ಎದೆ ಹಿಡಿದು ನಿಲ್ಲುತ್ತಿದ್ದಳು. ಮೈಗಳ್ಳಿ ಅಂತ ಉಳಿದ ಶಿಕ್ಷಕರು ಬೈಯುತ್ತಿದ್ದರು. ಮಾಸ್ತರು ಅವಳ ಉಗುರು ನೋಡಿದರು. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಲು ಹೊಲಿಗೆ ಟೀಚರನ್ನು ಕರೆದರು. ಒಳಗೆ ಕೆಂಪೇ ಇರಲಿಲ್ಲ, ಬಿಳಿಚಿತ್ತು. ಅವಳ ಅಪ್ಪನನ್ನು ಕರೆಸಿ ದವಾಖಾನೆಗೆ ಕಳಿಸಿದರು. ರಕ್ತ ತೀರಾ ಕಡಿಮೆ ಇತ್ತು, ಹೊಟ್ಟೆಯಲ್ಲಿ ಕೊಕ್ಕೆಹುಳು ಇತ್ತು. ಬರಿಗಾಲಲ್ಲಿ ಹೊಲದಲ್ಲಿ ಓಡಾಡುವ ಮಕ್ಕಳಿಗೆ ಅದು ಪಾದದ ಚರ್ಮದಿಂದಲೇ ಒಳಗೆ ಹೋಗುತ್ತದೆ. ಹುಳದ ಮಾತ್ರೆ, ಕಬ್ಬಿಣದ ಗುಳಿಗೆ ತೆಗೆದುಕೊಂಡು ಕೆಲವು ತಿಂಗಳಾದ ಮೇಲೆ ಅದೇ ಹುಡುಗಿ ನಮ್ಮ ಜೊತೆ ಅಂಗಳಕ್ಕೆ ಇಳಿದಳು. ಅವಳ ಕಾಯಿಲೆ ಕಂಡುಹಿಡಿದದ್ದು ಆಟದ ಮೈದಾನ. ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಾನು ನರ್ಸ್ ಆದದ್ದಕ್ಕೆ ಈ ಘಟನೆಯೂ ಒಂದು ಕಾರಣ. ಈಗ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದಲ್ಲಿದ್ದೇನೆ. 2013ರಲ್ಲಿ ಶುರುವಾದ ಕಾರ್ಯಕ್ರಮ ಅದು. ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತೇವೆ. ಎತ್ತರ, ತೂಕ, ಕಣ್ಣು, ಹಲ್ಲು, ಎದೆಬಡಿತ. ವರ್ಷಕ್ಕೊಮ್ಮೆ ಹೋಗುವ ನಮಗಿಂತ ದಿನಾ ಮಕ್ಕಳನ್ನು ಓಡಿಸಿ ನೋಡುವ ಶಿಕ್ಷಕರ ಕಣ್ಣು ದೊಡ್ಡದು. ದೇಶದ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ 59.1 ಶೇಕಡಾ ಮಂದಿಗೆ ರಕ್ತಹೀನತೆ ಇತ್ತು. ಅರ್ಧಕ್ಕಿಂತ ಜಾಸ್ತಿ! ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಗುಳಿಗೆ ಅದಕ್ಕೇ. ತಾಯಂದಿರೇ, ಅದನ್ನು ಮಕ್ಕಳು ಕಿಟಕಿಯಿಂದ ಎಸೆಯದಂತೆ ನೋಡಿಕೊಳ್ಳಿ. ಊಟ ಆದಮೇಲೆ ನುಂಗಲಿ, ಅದರ ಹಿಂದೆಯೇ ಚಹಾ ಬೇಡ. ಚಹಾ ಕಬ್ಬಿಣದ ಅಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಲಿಂಬೆಹಣ್ಣು ಅದನ್ನು ಹತ್ತಿಸುತ್ತದೆ. ಲಿಂಬೆಗೆ ನಮ್ಮ ಇಂಡಿ ಸೀಮೆಯಲ್ಲಿ ಬರ ಏನಿಲ್ಲ.

ಶಾಲೆಯಿಂದ ಶಾಲೆಗೆ ತಿರುಗುವಾಗ ಕಾಣುವ ಇನ್ನೊಂದು ಬದಲಾವಣೆ ನನ್ನನ್ನು ಕಾಡುತ್ತದೆ. ಮೊದಲು ತೂಕ ಕಡಿಮೆ ಇರುವ ಮಕ್ಕಳೇ ಜಾಸ್ತಿ ಸಿಗುತ್ತಿದ್ದರು. ಈಗ ಒಂದೇ ತರಗತಿಯಲ್ಲಿ ಬಡಕಲು ಮಕ್ಕಳೂ ಇದ್ದಾರೆ, ಕುತ್ತಿಗೆಯ ಹಿಂದೆ ಕಪ್ಪಗಾಗಿರುವ ದಪ್ಪ ಮಕ್ಕಳೂ ಇದ್ದಾರೆ. ಆ ಕಪ್ಪು ಕೊಳೆ ಅಲ್ಲ, ಉಜ್ಜಿದರೆ ಹೋಗುವುದಿಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು, ತೋರಿಸಬೇಕು. ಚಷ್ಮಾ ಹಾಕುವ ಮಕ್ಕಳೂ ಹೆಚ್ಚಿದ್ದಾರೆ. ದಿನಾ ಹೆಚ್ಚು ಹೊತ್ತು ಬಯಲಿನ ಬೆಳಕಿನಲ್ಲಿ ಕಳೆಯುವ ಮಕ್ಕಳಿಗೆ ಸಮೀಪದೃಷ್ಟಿ ಶುರುವಾಗುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ನಾವು ಎರಡು ಮೂರು ಕಿಲೋಮೀಟರ್ ನಡೆದು ಶಾಲೆಗೆ ಬರುತ್ತಿದ್ದೆವು. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಹೆಣ್ಣುಮಕ್ಕಳು ಸಾಲು ಹಿಡಿದು ಸೈಕಲ್ ಹೊಡೆಯುವುದನ್ನು ನೋಡಿ ಕಣ್ಣು ತುಂಬಿತ್ತು. ಈಗ ಮನೆ ಬಾಗಿಲಿಗೆ ವ್ಯಾನ್. ಸಂಜೆ ಟ್ಯೂಶನ್. ಆಮೇಲೆ ಮೊಬೈಲ್.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಳಸಿ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ವಾರಕ್ಕೆ 3 ದಿನವಾದರೂ ಜಿಗಿತ, ಓಟದಂಥ ಮೂಳೆ ಗಟ್ಟಿ ಮಾಡುವ ಆಟ ಇರಬೇಕು. ಅದೇ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ, ಜಗತ್ತಿನಲ್ಲಿ 11ರಿಂದ 17 ವಯಸ್ಸಿನ ಶಾಲಾ ಮಕ್ಕಳ ಪೈಕಿ 81 ಶೇಕಡಾ ಮಂದಿ ಇಷ್ಟು ಆಡುವುದಿಲ್ಲ. ಹುಡುಗಿಯರಲ್ಲಿ ಇದು 85 ಶೇಕಡಾ. ಹುಡುಗಿಯರ ಮೂಳೆಯ ಗಟ್ಟಿತನ ಹೆಚ್ಚುಕಡಿಮೆ ಹದಿನೆಂಟರೊಳಗೇ ತುಂಬಿಕೊಳ್ಳುತ್ತದೆ. ಆಮೇಲೆ ಬದುಕಿಡೀ ಅದನ್ನೇ ಖರ್ಚು ಮಾಡುವುದು. ನಲವತ್ತೈದಕ್ಕೆ ಮೊಣಕಾಲು, ಸೊಂಟ ಅಂತ ಬರುವ ನಮ್ಮ ಊರಿನ ಹೆಂಗಸರನ್ನು ನೋಡಿದಾಗ ಅವರು ಹದಿಮೂರರಲ್ಲಿ ಆಡಿದ್ದರೇ ಎಂದು ಕೇಳಬೇಕೆನಿಸುತ್ತದೆ. ಎಷ್ಟೋ ಮಂದಿಯನ್ನು ‘ದೊಡ್ಡವಳಾದಿ, ಓಡಬ್ಯಾಡ’ ಅಂತ ಕೂರಿಸಿದ್ದರು.

ನಮ್ಮನ್ನು ಕೂರಿಸಲಿಲ್ಲ. ಮುಟ್ಟಿನ ದಿನ ಹೊಟ್ಟೆ ನೋವಿದ್ದರೆ ಹೊಲಿಗೆ ಟೀಚರಿಗೆ ಹೇಳಿ ವಿಶ್ರಾಂತಿ ತೆಗೆದುಕೊಳ್ಳಬಹುದು, ನೋವಿಲ್ಲದಿದ್ದರೆ ಆಡಬಹುದು, ಅದರಿಂದ ಏನೂ ಕೆಡುವುದಿಲ್ಲ ಎಂದು ಆ ಕಾಲಕ್ಕೇ ಅವರಿಬ್ಬರೂ ಸೇರಿ ನಮಗೆ ತಿಳಿಸಿ ಹೇಳಿದ್ದರು. 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ತೆಗೆದಾಗ ಇಡೀ ಜಿಲ್ಲೆ ಕುಣಿಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪನ್ನು ಭಾರತದ ಹೆಣ್ಣುಮಕ್ಕಳೂ ಗೆದ್ದರು, ಗಂಡುಮಕ್ಕಳೂ ಗೆದ್ದರು. ಮೈಸೂರು ಜಿಲ್ಲೆಯ ಚೈತ್ರಾ ಆ ತಂಡದಲ್ಲಿದ್ದರು. ಹೆಮ್ಮೆಯಾಗುತ್ತದೆ. ಆದರೆ ಒಬ್ಬ ರಾಜೇಶ್ವರಿಯನ್ನು ತೋರಿಸಿ ಉಳಿದ ಹುಡುಗಿಯರನ್ನು ಮರದ ಕೆಳಗೆ ಕೂರಿಸಿದರೆ ಏನು ಬಂತು?

ಪರೀಕ್ಷೆ ಹತ್ತಿರ ಬಂದರೆ ಮೊದಲು ಕತ್ತರಿ ಬೀಳುವುದು ಆಟದ ಪೀರಿಯಡ್‌ಗೆ. ನಾನು ಹೋಗುವ ಎಷ್ಟೋ ಶಾಲೆಗಳಲ್ಲಿ ಹತ್ತನೇ ತರಗತಿಯ ವೇಳಾಪಟ್ಟಿಯಲ್ಲಿ ಆಟ ಇರುತ್ತದೆ, ಮೈದಾನದಲ್ಲಿ ಮಕ್ಕಳು ಇರುವುದಿಲ್ಲ. ಒಳಗೆ ಗಣಿತ ನಡೆಯುತ್ತಿರುತ್ತದೆ. ಪಾಲಕರೂ ಇದನ್ನೇ ಬಯಸುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ, ನನ್ನ ಮಗನೂ ಹತ್ತನೇ ತರಗತಿ ಮುಗಿಸಿದ್ದಾನೆ. ಆದರೆ ಆಡಿ ಬಂದ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ, ಮನಸ್ಸಿಟ್ಟು ಕೂರುತ್ತದೆ. ನಮ್ಮ ಮಾಸ್ತರು ಪೀರಿಯಡ್ ಕೇಳಲು ಬಂದವರಿಗೆ ನಗುತ್ತಲೇ ‘ನಿಮ್ಮ ಪೀರಿಯಡ್ ಒಂದು ನನಗ ಕೊಡ್ರಿ, ನನ್ನದು ನಿಮಗ ಕೊಡ್ತೀನಿ’ ಅನ್ನುತ್ತಿದ್ದರು. ಯಾರೂ ಕೊಡುತ್ತಿರಲಿಲ್ಲ. ಹಾಗಾಗಿ ನಮ್ಮ ಆಟ ಉಳಿಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ ಕುಡಿಯುವ ನೀರು, ಶೌಚಾಲಯದ ಜೊತೆಗೇ ಆಟದ ಮೈದಾನವೂ ಇದೆ, ಆಟದ ಸಾಮಾನೂ ಇದೆ. ಅಂದರೆ ಆಟ ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಉಡುಗೊರೆ ಅಲ್ಲ. ಹಳೆಯ ವಿದ್ಯಾರ್ಥಿಗಳ ಸಂಘ ಈ ವರ್ಷ ಹೊಸ ವೇದಿಕೆ ಕಟ್ಟಿಸುವ ಮಾತಾಡುತ್ತಿದೆ. ವೇದಿಕೆ ಆಮೇಲೆ ಆಗಲಿ. ಮೊದಲು ಪ್ರತಿ ಮಗುವಿನ ಕೈಗೆ ಬರುವಷ್ಟು ಸ್ಕಿಪ್ಪಿಂಗ್ ಹಗ್ಗ ಮತ್ತು ಚೆಂಡು ತರೋಣ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನಿಲ್ಲದೆ ನೀರು ಬರುವ ಹಾಗೆ ಮಾಡೋಣ. ನನ್ನ ಪಾಲಿನ ಹಣವನ್ನು ಇದಕ್ಕೇ ಕೊಡುತ್ತೇನೆ ಎಂದು ಸಂಘಕ್ಕೆ ಬರೆದಿದ್ದೇನೆ.

ಹೆಡ್‌ಮಾಸ್ತರರನ್ನು ಮೊನ್ನೆ ಕಂಡಾಗ, ಹತ್ತನೇ ತರಗತಿಗೆ ವಾರಕ್ಕೆ ಎರಡು ಆಟದ ಪೀರಿಯಡ್ ಇಟ್ಟಿದ್ದೇವೆ ಎಂದರು. ಸಂತೋಷ. ಜನವರಿಯ ನಂತರವೂ ಅವು ಮೈದಾನದಲ್ಲೇ ನಡೆಯಲಿ ಎಂದು ಅವರನ್ನು ಕೇಳಿಕೊಂಡೆ. ಇಲ್ಲಿಯೂ ಅದನ್ನೇ ಕೇಳುತ್ತಿದ್ದೇನೆ.