ಅಜ್ಜನ ಕಂಬಳಿ, ಅಕ್ಕೋರ ಬರ್ಫ

ನಾನು ಮೂರನೆಯ ಇಯತ್ತೆಯಲ್ಲಿದ್ದೆ. ಸಂಕ್ರಾಂತಿ ಹತ್ತಿರ ಬಂದಿತ್ತು. ಧಾರವಾಡದಲ್ಲಿ ಎಷ್ಟೇ ಥಂಡಿ ಬಿದ್ದರೂ ನೀರೇನು ಹೆಪ್ಪುಗಟ್ಟುವುದಿಲ್ಲ ಅಲ್ವಾ? ಅದಕ್ಕೇ ನಮ್ಮ ಶಾಲೆಯ ಅಕ್ಕೋರು ಒಂದು ಪ್ರಯೋಗ ತೋರಿಸಲೆಂದು ಮಾರ್ಕೆಟ್ಟಿನಿಂದ ಬರ್ಫದ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ, ಆಟೋದಲ್ಲಿ ತಂದಿದ್ದರು. ಬೇಸಿಗೆಯಲ್ಲಾದರೆ ನೋಡುನೋಡುತ್ತಲೇ ನೀರಾಗುತ್ತದೆ, ಇಂಥದ್ದಕ್ಕೆ ಥಂಡಿ ದಿನಗಳೇ ಬೇಕು ಎನ್ನುತ್ತಿದ್ದರು.

ಎರಡು ಸಮ ತುಂಡು ಮಾಡಿ ಒಂದನ್ನು ಸ್ಟೀಲ್ ತಾಟಿನಲ್ಲಿಟ್ಟರು. ಇನ್ನೊಂದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಂಬಳಿಯಲ್ಲಿ ಸುತ್ತಿದರು. ಆ ಕರಿ ಕಂಬಳಿ ನಮ್ಮ ಅಜ್ಜನದು. ಹೊತ್ತು ತಂದವನು ನಾನೇ.

“ಯಾವುದು ಮೊದಲ ಕರಗತೈತಿ?”

“ಕಂಬಳ್ಯಾಗಿಂದರೀ! ಅದು ಬೆಚ್ಚಗ ಇರತೈತಿ” ಎಂದೆ. ಮುಕ್ಕಾಲು ವರ್ಗ ನನ್ನ ಕಡೆಗೇ ಕೈ ಎತ್ತಿತು. ಅಕ್ಕೋರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. “ಊಟದ ಗಂಟಿ ಆಗಲಿ, ಬಿಚ್ಚಿ ನೋಡೋಣು” ಎಂದರು, ಅಷ್ಟೇ.

ಅಲ್ಲಿತನಕ ದಾರದ ಆಟ. ಒದ್ದೆ ದಾರವನ್ನು ಬರ್ಫದ ಚೂರಿನ ಮೇಲಿಟ್ಟು ಚಿಟಿಕೆ ಉಪ್ಪು ಉದುರಿಸಿ, ನೂರರವರೆಗೆ ಎಣಿಸಿ ಮೆಲ್ಲಗೆ ಎತ್ತಿದೆವು. ಬರ್ಫ ದಾರಕ್ಕೆ ಅಂಟಿ ಮೇಲೆ ಬಂತು! ಉಪ್ಪು ಬಿದ್ದಲ್ಲಿ ಬರ್ಫ ಕರಗುತ್ತದೆ. ಕರಗುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುವುದರಿಂದ ದಾರದ ಹತ್ತಿರದ ನೀರು ಮತ್ತೆ ಗಟ್ಟಿಯಾಗುತ್ತದೆ. ಕುಲ್ಫಿ ಮಡಕೆಯಲ್ಲಿ ಬರ್ಫಕ್ಕೆ ಉಪ್ಪು ಬೆರೆಸುವುದೂ ಇದಕ್ಕೇ. ಉಪ್ಪು ಬೆರೆತ ಬರ್ಫ 0 ಡಿಗ್ರಿಗಿಂತ ಬಹಳ ಕೆಳಗಿಳಿದು ಚರ್ಮ ಸುಡಬಲ್ಲದು. ಅದಕ್ಕೆ ಅಕ್ಕೋರು ಒಬ್ಬರಿಗೂ ಅದನ್ನು ಬರಿಗೈಯಲ್ಲಿ ಮುಟ್ಟಗೊಡಲಿಲ್ಲ.

ಗಂಟೆ ಹೊಡೆಯಿತು. ತಾಟಿನಲ್ಲಿ ಬರೀ ನೀರು. ಕಂಬಳಿಯ ಮಡಿಕೆಗಳನ್ನು ನಾನೇ ಬಿಚ್ಚಿದೆ. ಒಳಗೆ ನಿಂಬೆಹಣ್ಣಿನಷ್ಟು ಬರ್ಫ ಹಾಗೇ ಉಳಿದಿತ್ತು. ಅಂಚುಗಳು ನುಣ್ಣಗಾಗಿ, ಗಾಜಿನ ಹಾಗೆ ಹೊಳೆಯುತ್ತಿತ್ತು. ಯಾರೂ ಮಾತಾಡಲಿಲ್ಲ.

ಅಕ್ಕೋರು ಆಗಲೂ ಉತ್ತರ ಹೇಳಲಿಲ್ಲ. ಮರುದಿನ ಥರ್ಮಾಮೀಟರನ್ನು ಅದೇ ಕಂಬಳಿಯಲ್ಲಿ ಸುತ್ತಿಡಿಸಿ, ಆಮೇಲೆ ನಮ್ಮಿಂದಲೇ ಓದಿಸಿದರು. ಕೋಣೆಯ ಗಾಳಿ ಎಷ್ಟಿತ್ತೋ ಕಂಬಳಿಯ ಒಳಗೂ ಅಷ್ಟೇ! ಕಂಬಳಿಗೆ ತನ್ನದೇ ಬಿಸಿ ಇಲ್ಲ. ಉಣ್ಣೆಯ ನಡುವೆ ಸಿಕ್ಕಿಬಿದ್ದ ಗಾಳಿ ಬಿಸಿಯನ್ನು ಬೇಗ ದಾಟಗೊಡುವುದಿಲ್ಲ. ನಮ್ಮ ಮೈಬಿಸಿ ಹೊರಗೆ ಹೋಗುವುದು ತಡವಾಗುತ್ತದೆ, ಹೊರಗಿನ ಬಿಸಿ ಬರ್ಫ ಮುಟ್ಟುವುದೂ ತಡವಾಗುತ್ತದೆ. ಎರಡು ದಿನ ಕಾಯಿಸಿ ಸಿಕ್ಕ ಆ ಉತ್ತರ ನನಗೆ ಇವತ್ತಿಗೂ ಮರೆತಿಲ್ಲ.

ಸಂಜೆ ಮನೆಗೆ ಓಡಿಹೋಗಿ ಅಜ್ಜನಿಗೆ ಎಲ್ಲ ಹೇಳಿದೆ. ಅಜ್ಜ ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡ. “ಮತ್ತ, ಕುರಿ ಕಾಯೋವಾಗ ಸುಡು ಬಿಸಲಾಗ ಇದನ್ನ ಯಾಕ ತಲಿ ಮ್ಯಾಲ ಹಾಕ್ಕೋತಿದ್ದೆ ಅಂತ ಮಾಡೀದಿ?” ಎಂದ.