ಮನೆಯ ರಾಮನ್ ರೋಹಿತಮಾಪಕ: 1640ರ ಶಿಖರ ಕೊನೆಗೂ ಜರುಗಿತು

ರಾಮನ್ ರೋಹಿತಮಾಪಕವೆಂದರೆ ಲೇಸರ್ ಬಿದ್ದ ವಸ್ತುವಿನಿಂದ ಬಣ್ಣ ತುಸು ಜರುಗಿ ಚದುರುವ ಬೆಳಕನ್ನು ಅಳೆಯುವ ಉಪಕರಣ; ಆ ಜರುಗುವಿಕೆಯ ಅಂಕಿ (ಸೆಂ.ಮೀ.⁻¹ ಮಾನದಲ್ಲಿ) ಅಣುವಿನ ಕಂಪನವನ್ನು ಹೇಳುತ್ತದೆ. ಹಿಮೋಗ್ಲೋಬಿನ್ ದ್ರಾವಣಕ್ಕೆ ಆಮ್ಲಜನಕ ಕಸಿಯುವ ಹೈಡ್ರೋಸ್ ಪುಡಿ ಹಾಕಿದ ಮೇಲೆ 1640ರಲ್ಲಿದ್ದ ಶಿಖರ 1605ರ ಹತ್ತಿರಕ್ಕೆ ಸರಿದು ನಿಂತಿದೆ. ನಳಿಕೆಯನ್ನು ತೆರೆದು ಗಾಳಿ ಆಡಿಸಿದರೆ ಮತ್ತೆ 1640ಕ್ಕೆ ಮರಳುತ್ತದೆ. ಹೀಮ್‌ನ (ಹಿಮೋಗ್ಲೋಬಿನ್ನಿಗೆ ಕೆಂಪು ಬಣ್ಣ ಕೊಡುವ ಬಳೆಯಾಕಾರದ ಅಣುವಿನ) ನಡುವೆ ಕುಳಿತ ಕಬ್ಬಿಣ ಆಮ್ಲಜನಕವನ್ನು ಹಿಡಿಯುವುದೂ ಬಿಡುವುದೂ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಈ ಹೆಂಚಿನ ಮನೆಯ ಅಟ್ಟದಲ್ಲಿ, ಪರದೆಯ ಮೇಲಿನ ಗೆರೆಯಾಗಿ ಕಾಣುತ್ತಿದೆ. ಇದಕ್ಕಾಗಿ ಮಳೆಗಾಲ ಮುಗಿದಾಗಿನಿಂದ ಒದ್ದಾಡಿದ್ದೇನೆ. ಹಾಗಾಗಿ ಈ ಬಾರಿಯ ಬರಹ ಪೂರ್ತಿ ಆ ಒದ್ದಾಟದ ಕುರಿತೇ.

ಉಪಕರಣದಲ್ಲಿ ಬದಲಾವಣೆ ಕಡಿಮೆ. ಅದೇ ಮಿಲಿಮೀಟರಿಗೆ 1800 ಗೆರೆಯ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಫಲಕ), ಅದೇ ಹಳೆಯ ಕ್ಯಾಮೆರಾ ಲೆನ್ಸುಗಳು, 532 ನ್ಯಾನೊಮೀಟರಿನ ಹಸಿರು ಲೇಸರ್. ತರಂಗಾಂತರದ ಅಳತೆಗೆ ಕೆಟ್ಟುಹೋಗುತ್ತಿರುವ ಸಿಎಫ್‌ಎಲ್ ಬಲ್ಬಿನ ಪಾದರಸದ ಗೆರೆಗಳು (546.07, 576.96, 579.07) ಸಾಕು. ಮೇಲಿನ ತುದಿಗೆ ಎಲೆಕ್ಟ್ರಿಷಿಯನ್ ಟೆಸ್ಟರಿನೊಳಗಿನ ನಿಯಾನ್ ದೀಪ 585.25ರ ಗೆರೆಯನ್ನು ಪುಕ್ಕಟೆಯಾಗಿ ಕೊಡುತ್ತದೆ. ಹೊಸದೆಂದರೆ ಲೇಸರನ್ನು ಬ್ಯಾಟರಿಗೆ ಹಾಕಿದ್ದು. ಬೇಸಗೆ ಹತ್ತಿರವಾದಂತೆ ಸುತ್ತಲಿನ ಅಡಿಕೆ ತೋಟಗಳ ಪಂಪುಗಳು ಒಮ್ಮೆಲೇ ಚಾಲೂ ಆಗುತ್ತವೆ, ವೋಲ್ಟೇಜ್ ಕುಸಿಯುತ್ತದೆ. ತೋಟಕ್ಕೆ ನೀರು ಬೇಕೇ ಬೇಕು, ದೂರು ಹೇಳುವಂತಿಲ್ಲ. ಬ್ಯಾಟರಿ ಬಂದ ಮೇಲೆ ಶಿಖರಗಳು ಸಂಜೆಯ ಹೊತ್ತು ಅಲೆದಾಡುವುದು ನಿಂತಿತು.

ಇನ್ನು ತಕರಾರಿನ ವಿಷಯ. ಹೀಮ್ ಬಣ್ಣದ ವಸ್ತು. 415 ನ್ಯಾನೊಮೀಟರಿನ ಬಳಿ ಅದು ಬೆಳಕು ಹೀರುವ ‘ಸೋರೆ’ ಎಂಬ ಪಟ್ಟಿ ಬಲು ಜೋರು; 541 ಮತ್ತು 577ರಲ್ಲಿ ಇನ್ನೆರಡು ಪಟ್ಟಿಗಳಿವೆ. ನಮ್ಮ 532 ಈ ಎರಡನೆಯ ಗುಂಪಿನ ಹೆಗಲಿಗೇ ಬೀಳುತ್ತದೆ. ಅದರಿಂದಾಗಿ ಅನುರಣನ ಸಿಗುತ್ತದೆ: ಇಡೀ ಪ್ರೋಟೀನು ಸುಮ್ಮನಿದ್ದು ಹೀಮ್‌ನ ಕಂಪನಗಳಷ್ಟೇ ಎದ್ದು ಕಾಣುತ್ತವೆ. ಅನುರಣನ ಇಲ್ಲದಿದ್ದರೆ ನಮ್ಮಂಥವರ ಕ್ಯಾಮೆರಾಗಳಿಗೆ ಈ ಕೆಲಸ ಕನಸೇ. ಆದರೆ ಬೆಳಕನ್ನು ಹೀರುವ ಗುಣ ನೆರವಾದ ಕೈಯಲ್ಲೇ ಎರಡು ಏಟನ್ನೂ ಕೊಡುತ್ತದೆ.

ಮೊದಲ ಏಟು ಬಿಸಿ. ಲೇಸರನ್ನು ಒಂದೇ ಕಡೆ ನಿಲ್ಲಿಸಿದರೆ ಪ್ರೋಟೀನು ಅಲ್ಲೇ ಬೆಂದು ಗಾಜಿಗೆ ಕಂದು ಕಲೆಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಕಾಣುವುದು ಪ್ರತಿದೀಪ್ತಿಯ (ಬೆಳಕು ಹೀರಿದ ವಸ್ತು ತಾನೇ ಹೊಳೆಯುವುದರ) ಗುಡ್ಡ ಮಾತ್ರ. ಇದಕ್ಕೆ ಔಷಧ ಹಳೆಯದೇ. ಬಣ್ಣದ ದ್ರಾವಣಗಳನ್ನು ಸುಡದೆ ನೋಡಲು ಮಾದರಿಯನ್ನೇ ತಿರುಗಿಸುವ ವಿಧಾನವನ್ನು ಕೀಫರ್ ಮತ್ತು ಬರ್ನ್‌ಸ್ಟೈನ್ 1971ರಲ್ಲಿ ಪ್ರಕಟಿಸಿದ್ದರು. ಕಂಪ್ಯೂಟರ್ ಫ್ಯಾನಿನ ಮೋಟಾರು, ಸ್ಕೇಟಿಂಗ್ ಚಕ್ರದ ಎರಡು ಬೇರಿಂಗು, ಒಂದು ತೆಳು ಗಾಜಿನ ನಳಿಕೆ ಇದ್ದರೆ ತಿರುಗುವ ಕೋಶ ಸಿದ್ಧ. ಕಲೆ ಅಂದೇ ನಿಂತಿತು.

ರಕ್ತ ತರುವುದು ಕಷ್ಟವಲ್ಲ. ಪೇಟೆಯ ಆಡಿನ ಮಾಂಸದ ಅಂಗಡಿಗೆ ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಹಾಕಿದ ಬಾಟಲಿ ಹಿಡಿದು ಬೆಳಗ್ಗೆ ಬೇಗ ಹೋದರಾಯಿತು. "ಮಾಸ್ಟ್ರೇ, ಮಾಂಸ ಬೇಡ, ರಕ್ತ ಮಾತ್ರ ಸಾಕು ಎನ್ನುವ ಗಿರಾಕಿ ನೀವೊಬ್ಬರೇ" ಎಂದು ಅಂಗಡಿಯವರು ನಕ್ಕರು. ಯಾಕೆಂದು ವಿವರಿಸಿದೆ. ಮುಂದಿನ ಸಲ ಬಾಟಲಿಯನ್ನು ಅವರೇ ತುಂಬಿಸಿಟ್ಟಿದ್ದರು, "ಏನು ಕಂಡಿತು?" ಎಂದು ಕೇಳಿಯೂ ಕೇಳಿದರು. ತೊಳೆಯುವುದು, ರಕ್ತಕಣ ಒಡೆಯುವುದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಬೇರ್ಪಡಿಸುವುದು, ಎಲ್ಲವೂ ಎಂದಿನಂತೆಯೇ. ಒಂದನ್ನು ಮಾತ್ರ ಮರೆಯಬೇಡಿ: ಕೊನೆಗೆ 0.45 ಮೈಕ್ರಾನಿನ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ. ಒಡೆದ ಕಣಗಳ ಪೊರೆ ಉಳಿದಿದ್ದರೆ ತಿರುಗುವ ನಳಿಕೆ ಅದನ್ನು ಗೋಡೆಗೇ ಎಸೆಯುತ್ತದೆ, ನಮ್ಮ ಲೇಸರ್ ನೋಡುವುದೂ ಆ ಗೋಡೆಯನ್ನೇ.

ಎರಡನೆಯ ಏಟು ನನ್ನ ನಿದ್ದೆ ಕೆಡಿಸಿತು. ಕಬ್ಬಿಣದ ಸ್ಥಿತಿಯನ್ನು ಹೇಳುವ ನ್ಯೂ-4 ಕಂಪನ (ಹೀಮ್ ಕಂಪನಗಳಿಗೆ ಇಟ್ಟ ಸಂಖ್ಯೆಗಳಲ್ಲೊಂದು) ಆಕ್ಸಿ, ಅಂದರೆ ಆಮ್ಲಜನಕ ಹಿಡಿದ ರೂಪದಲ್ಲಿ 1375ರ ಆಸುಪಾಸಿನಲ್ಲಿ, ಡಿಯಾಕ್ಸಿ, ಅಂದರೆ ಅದನ್ನು ಬಿಟ್ಟ ರೂಪದಲ್ಲಿ 1355ರ ಬಳಿ ಇರಬೇಕು. ನನ್ನ ರೋಹಿತದಲ್ಲಿ ಅಲ್ಲಿ ಬರೀ ಉಬ್ಬು. 532ರಲ್ಲಿ ನ್ಯೂ-4 ಸ್ವಭಾವತಃ ಬಡವ, ಅದು ಮೆರೆಯುವುದು ಸೋರೆ ಪಟ್ಟಿಯ ಬಳಿಯ ನೀಲಿ-ನೇರಳೆ ಲೇಸರಿನಲ್ಲಿ. ಅದು ಸರಿ, ಆದರೆ ಇಷ್ಟೊಂದು ಬಡವನಲ್ಲ. ಕಾಗದ ಹಿಡಿದು ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. 532ರಿಂದ ಹೊರಟು 1375ರಷ್ಟು ಜರುಗಿದ ಬೆಳಕು ಹೊರಬರುವುದು 574 ನ್ಯಾನೊಮೀಟರಿನಲ್ಲಿ. ಆಕ್ಸಿಹಿಮೋಗ್ಲೋಬಿನ್‌ನ ಪಟ್ಟಿ 577ರಲ್ಲಿ! ಹೀಮ್ ತಾನು ಕೊಟ್ಟ ಬೆಳಕನ್ನು ದಾರಿಯಲ್ಲೇ ನುಂಗುತ್ತಿದೆ. 1640ರ ಬೆಳಕು 583ಕ್ಕೆ ಬೀಳುವುದರಿಂದ ಆ ಪಟ್ಟಿಯ ಇಳಿಜಾರಿನಲ್ಲಿ ಸ್ವಲ್ಪ ತಪ್ಪಿಸಿಕೊಳ್ಳುತ್ತದೆ.

ಒಳಮಾನಕವಾಗಿ (ಶಿಖರಗಳ ಎತ್ತರ ಹೋಲಿಸಲು ದ್ರಾವಣಕ್ಕೇ ಬೆರೆಸುವ ಅಳತೆಗೋಲಾಗಿ) ಸಲ್ಫೇಟ್ ಬೆರೆಸುವವರು ಇಲ್ಲಿ ಎಚ್ಚರವಾಗಿರಬೇಕು. ತೆಂಗಿನ ಬುಡಕ್ಕೆ ಹಾಕುವ ಮೆಗ್ನೀಸಿಯಂ ಸಲ್ಫೇಟನ್ನು ಶುದ್ಧ ಮಾಡಿ ನಾನೂ ಬಳಸುತ್ತೇನೆ. ಅದರ 981ರ ಶಿಖರ ಅಚ್ಚುಕಟ್ಟಾದದ್ದು. ಆದರೆ ಆ ಬೆಳಕು ಹೊರಬರುವುದು 561ರಲ್ಲಿ. ಆಕ್ಸಿ ರೂಪದ ಎರಡು ಪಟ್ಟಿಗಳ ನಡುವಿನ ತಗ್ಗು ಸರಿಯಾಗಿ ಅಲ್ಲೇ ಇದೆ, ಬೆಳಕು ಸಲೀಸಾಗಿ ದಾಟುತ್ತದೆ. ಡಿಯಾಕ್ಸಿ ರೂಪಕ್ಕಾದರೋ 555ರಲ್ಲಿ ಒಂದೇ ಅಗಲ ಪಟ್ಟಿ, ಆಗ ಅದೇ 561ರ ಬೆಳಕು ಚೆನ್ನಾಗಿ ಹೀರಲ್ಪಡುತ್ತದೆ. ಅಂದರೆ ಹೀಮ್‌ನ ಸ್ಥಿತಿ ಬದಲಾದ ಕ್ಷಣ ಮಾನಕದ ಎತ್ತರವೂ ಬದಲಾಗುತ್ತದೆ. ಅಳೆಯುವ ಕೋಲೇ ಉದ್ದ ಬದಲಿಸಿದರೆ ಯಾವುದನ್ನು ನಂಬುವುದು? ಶಿಖರಗಳ ಎತ್ತರವನ್ನು ಸಲ್ಫೇಟಿಗೆ ಹೋಲಿಸಿ ಸ್ಥಿತಿಯಿಂದ ಸ್ಥಿತಿಗೆ ತೂಗುವಾಗ ಈ ತಿದ್ದುಪಡಿ ಇಲ್ಲದ ಅಂಕಿಗಳಿಗೆ ಬೆಲೆಯಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಪರಿಹಾರ: ಬೆಳಕು ದ್ರಾವಣದೊಳಗೆ ನಡೆಯುವ ದಾರಿಯನ್ನು ಕುಗ್ಗಿಸುವುದು. ಲೇಸರ್ ನಳಿಕೆಯ ಒಳಗೋಡೆಯನ್ನು ಸವರಿಕೊಂಡು ಹೋಗಬೇಕು, ಚದುರಿದ ಬೆಳಕು ಕೂಡಲೇ ಗಾಜಿನಿಂದ ಹೊರಬರಬೇಕು. ಇಲ್ಲಿ ಎರಡು ಔಷಧಗಳಿಗೆ ಪರಸ್ಪರ ಜಗಳ ಹತ್ತಿತು. ಬಿಸಿಗೆ ನಳಿಕೆ ತಿರುಗಬೇಕು. ತಿರುಗುವ ನಳಿಕೆ ಕೂದಲೆಳೆಯಷ್ಟು ಓಲಾಡಿದರೂ ಗೋಡೆ ಮುಂದೆ ಹಿಂದೆ ಸರಿದು ಒಂದು ಸುತ್ತಿನ ಅರ್ಧದಲ್ಲಿ ಗಾಜಿನ ರೋಹಿತ, ಇನ್ನರ್ಧದಲ್ಲಿ ಆಳದ ದ್ರಾವಣದ ರೋಹಿತ. ಟೇಪು ಸುತ್ತಿದೆ, ರಬ್ಬರು ಬಳೆ ಹಾಕಿದೆ, ಓಲಾಟ ಜಾಗ ಬದಲಿಸಿತೇ ಹೊರತು ಹೋಗಲಿಲ್ಲ.

ನೇರ ಗೋಡೆಯ ನಳಿಕೆಗಳಿಗೆಂದು ಆರ್ಡರ್ ಮಾಡಿದರೆ ಮಾರಾಟಗಾರರು ನೂರಕ್ಕಿಂತ ಕಡಿಮೆ ಕೊಡುವುದಿಲ್ಲ ಎಂದರು. ಇನ್ನೊಬ್ಬರು ಕೊಟ್ಟರು, ಒಂದು ಪದರ ಪತ್ರಿಕೆ ಸುತ್ತಿ. ಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಚೂರು. ಲೇಸರಿನ ಬೆಳಕನ್ನು ತಡೆಯುವ 532ರ ಎಡ್ಜ್ ಫಿಲ್ಟರ್ ಕೇಳಿದ್ದಕ್ಕೆ ಕಿತ್ತಳೆ ಬಣ್ಣದ ಗಾಜು ಕಳುಹಿಸಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಆ ಗಾಜು ತಾನೇ ಪ್ರತಿದೀಪಿಸುತ್ತದೆ, ರಾಮನ್ ಕೆಲಸಕ್ಕೆ ಅದು ಬೇಡವೇ ಬೇಡ. ಹಣ ಕೊಟ್ಟವನಿಗೆ ಕೇಳಿದ ವಸ್ತುವನ್ನು ಕೊಡುವುದು ಕನಿಷ್ಠ ಮರ್ಯಾದೆ. ಕೊನೆಗೆ ಕೈ ಹಿಡಿದದ್ದು ಊರಿನ ಲೇತ್ ವರ್ಕ್‌ಶಾಪಿನ ಅಣ್ಣ. ಪಂಪಿನ ಶಾಫ್ಟು ಕಡೆಯುವ ಕೈ ಅದು. ಉಳಿದ ನಳಿಕೆಗಳಲ್ಲಿ ನೇರವಾದುದನ್ನು ಆರಿಸಿ, ಅದಕ್ಕೆ ಸರಿಹೊಂದುವ ಎರಡು ಹಿತ್ತಾಳೆಯ ಕಾಲರುಗಳನ್ನು ಕಡೆದುಕೊಟ್ಟರು. ಮೇಲೊಂದು, ಕೆಳಗೊಂದು. ಓಲಾಟ ಅಳೆಯುವ ಡಯಲ್ ಗೇಜಿನ ಮುಳ್ಳು ಅಲ್ಲಾಡುವುದು ನಿಂತುಹೋಯಿತು. ಆ ರಾತ್ರಿಯೇ ನ್ಯೂ-4 ಉಬ್ಬಿನಿಂದ ಮೇಲೆದ್ದು ಶಿಖರವಾಯಿತು.

ಹೈಡ್ರೋಸ್ ಎಂದರೆ ಸೋಡಿಯಂ ಡೈಥಯೊನೈಟ್, ಬಣ್ಣ ಹಾಕುವವರೂ ಆಲೆಮನೆಯವರೂ ಬಲ್ಲ ಪುಡಿ. ಬಫರಿನಲ್ಲಿ ಆಗಲೇ ಕರಗಿಸಿ ಆಗಲೇ ಬಳಸಬೇಕು. ನಳಿಕೆಯಲ್ಲಿ ಗಾಳಿಗುಳ್ಳೆ ಉಳಿದರೆ ತಿರುಗುವಾಗ ಆಮ್ಲಜನಕ ಮತ್ತೆ ಬೆರೆಯುತ್ತದೆ. ಕಂಠದವರೆಗೆ ತುಂಬಿ ಮೇಣದಿಂದ ಮುಚ್ಚಿದ್ದೇನೆ. ಕೆಂಪು ನೇರಳೆಗೆ ತಿರುಗಿದ ಮೇಲೆ ತೆಗೆದ ರೋಹಿತದಲ್ಲೇ ನ್ಯೂ-10 ಎಂಬ ಶಿಖರ 1640ರಿಂದ 1605ರತ್ತ ಬಂದದ್ದು. ಹೀಮ್‌ನ ಪಾರ್ಫಿರಿನ್ ಬಳೆಯ ನಾಲ್ಕು ಪೈರೋಲುಗಳನ್ನು (ಐದು ಪರಮಾಣುಗಳ ಚಿಕ್ಕ ಬಳೆಗಳನ್ನು) ಕೂಡಿಸುವ ಮೀಥೈನ್ (ಒಂಟಿ ಇಂಗಾಲದ) ಸೇತುವೆಗಳ ಹಿಗ್ಗು-ಕುಗ್ಗು ಅದು. ಆಮ್ಲಜನಕ ಬಿಟ್ಟ ಕಬ್ಬಿಣ ಹೈ-ಸ್ಪಿನ್ (ಜೋಡಿಯಾಗದ ಎಲೆಕ್ಟ್ರಾನುಗಳು ಹೆಚ್ಚಿರುವ) ಸ್ಥಿತಿಗೆ ಹೋಗಿ ಹಿಗ್ಗುತ್ತದೆ, ಬಳೆಯ ಸಮತಲದಿಂದ ಸುಮಾರು 0.4 ಆಂಗ್‌ಸ್ಟ್ರಾಮ್ ಹೊರಗೆ ಸರಿಯುತ್ತದೆ, ಬಳೆಯ ನಡುಭಾಗ ಅಗಲವಾಗಿ ಸೇತುವೆಗಳ ಬಂಧ ಸಡಿಲುತ್ತದೆ. ಹಿಮೋಗ್ಲೋಬಿನ್‌ನ ರಚನೆಗಾಗಿ ದಶಕಗಳನ್ನೇ ಸವೆಸಿದ ಪೆರೂಟ್ಸ್ 1962ರಲ್ಲಿ ಕೆಂಡ್ರೂ ಜೊತೆ ನೊಬೆಲ್ ಪಡೆದರು. ಆ ರಚನೆಯ ಒಂದು ಸೂಕ್ಷ್ಮ ಚಲನೆ ಆಡಿನ ರಕ್ತದಲ್ಲಿ, ಹಿತ್ತಾಳೆಯ ಕಾಲರಿನ ನಡುವೆ ಸಿಕ್ಕಿದೆ ಎಂದರೆ ಮೈ ನವಿರೇಳುತ್ತದೆ.

ಈ ನಡುವೆ ಗದ್ದೆಯ ಬದುವಿನಲ್ಲಿ ಅಲಸಂಡೆ ಬಳ್ಳಿ ಕಿತ್ತಾಗ ಬೇರಿನ ಗಂಟುಗಳನ್ನು ಸೀಳಿ ನೋಡಿದೆ. ಒಳಗೆಲ್ಲ ನಸುಗೆಂಪು! ಅದು ಲೆಗ್‌ಹಿಮೋಗ್ಲೋಬಿನ್. ಗಂಟಿನ ಆ ಕೆಂಪು ಹಿಮೋಗ್ಲೋಬಿನ್ ಜಾತಿಯದೆಂದು ಜಪಾನಿನ ಕುಬೊ 1939ರಲ್ಲಿ ತೋರಿಸಿದ್ದರು. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಗಲದಂತೆ ಅದು ಕಾಯುತ್ತದೆ. ರಕ್ತವಿಲ್ಲದ ಗಿಡದಲ್ಲಿ ಹೀಮ್! ಬುಟ್ಟಿ ತುಂಬ ಗಂಟು ಬೇಕಾಗಬಹುದು; ನೆರೆಯ ಅಕ್ಕ ತಮ್ಮ ಸಾಲಿನ ಬೇರುಗಳನ್ನೂ ಕೊಡುತ್ತೇನೆಂದಿದ್ದಾರೆ.

ಆದರೆ ಅದಕ್ಕೂ ಮೊದಲು ಧ್ರುವೀಕರಣ, ಅಂದರೆ ಬೆಳಕಿನ ಅಲೆ ಆಡುವ ದಿಕ್ಕಿನ ಅಳತೆ. ಹೀಮ್‌ನ ಕೆಲವು ಕಂಪನಗಳಲ್ಲಿ ಧ್ರುವೀಕರಣ ತಿರುವುಮುರುವಾಗಿರುತ್ತದೆ ಎಂದು ಸ್ಪಿರೋ ಮತ್ತು ಸ್ಟ್ರೆಕಾಸ್ 1972ರಲ್ಲಿ ಹಿಮೋಗ್ಲೋಬಿನ್ ಮತ್ತು ಸೈಟೋಕ್ರೋಮ್-ಸಿಗಳಲ್ಲಿ ಕಂಡರು. ನನ್ನ 1585ರ ಶಿಖರ ಆ ಗುಂಪಿನದು; ಲೇಸರಿನ ದಿಕ್ಕಿಗೆ ಅಡ್ಡವಾದ ಬೆಳಕಿಗೂ ಸಮಾಂತರವಾದ ಬೆಳಕಿಗೂ ಇರುವ ಅನುಪಾತ 0.75ಕ್ಕಿಂತ ಮೇಲೇರಬೇಕು. ಗ್ರೇಟಿಂಗ್ ತಾನೇ ಒಂದು ದಿಕ್ಕಿನ ಬೆಳಕಿಗೆ ಪಕ್ಷಪಾತ ತೋರಿಸುವುದರಿಂದ ಸೈಕ್ಲೋಹೆಕ್ಸೇನಿನಲ್ಲಿ ಮೊದಲು ಪರೀಕ್ಷೆ: ಅಡ್ಡ ದಿಕ್ಕಿನಲ್ಲಿ ಅದರ 801ರ ಶಿಖರ ಬಹುತೇಕ ಅಳಿಯಬೇಕು, 1266 ಸರಿಯಾಗಿ 0.75 ತೋರಿಸಬೇಕು. ಅಲ್ಲಿಯವರೆಗೆ ರಕ್ತದ ಬಾಟಲಿಗೆ ರಜೆ.