ಐದು ಲಕ್ಷ ಜನ ಬರುವ ಬೀದಿಯಲ್ಲಿ ಚಿತ್ರ ಮಾರುವ ಮುನ್ನ

ಜುಲೈ ಹತ್ತಿರ ಬಂದಂತೆ ಊರಿನ ಕಲಾವಿದ ಗೆಳೆಯರ ಫೋನ್ ಶುರುವಾಗುತ್ತದೆ. ಅವರಲ್ಲಿ ಹೆಚ್ಚಿನವರು ಬೆಂಗಳೂರಿನ ಚಿತ್ರಸಂತೆಯಲ್ಲಿ ಕೂತು ಮಾರಿದವರು. "ಆನ್ ಆರ್ಬರ್ ಮೇಳಕ್ಕೆ ಐದು ಲಕ್ಷ ಜನ ಬರ್ತಾರಂತೆ. ಭರ್ಜರಿ ವ್ಯಾಪಾರ ಅಲ್ವಾ?" ಎಂದು ಕೇಳುತ್ತಾರೆ. ಅಷ್ಟು ಜನ ಬರುತ್ತಾರೆ ಎಂದು ಆಯೋಜಕರೂ ಹೇಳುತ್ತಾರೆ. ಆದರೆ ಒಂದು ಮೇಳಕ್ಕೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ನಾನು ಎಲ್ಲಕ್ಕಿಂತ ಕೊನೆಗೆ ನೋಡುವ ಅಂಕಿ ಅದು.

ನಾನಿರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಮಾಡುವುದು ಜಲವರ್ಣ. ಆನ್ ಆರ್ಬರ್ ಇಲ್ಲಿನ ಯೂನಿವರ್ಸಿಟಿ ಊರು. ಅಲ್ಲಿ ಬೀದಿ ಕಲಾಮೇಳ ಶುರುವಾಗಿದ್ದು 1960ರಲ್ಲಿ. ಈಗ ಮೂರು ದಿನ ಊರ ನಡುವಿನ ರಸ್ತೆಗಳನ್ನು ಮುಚ್ಚುತ್ತಾರೆ, ಸಾವಿರದ ಹತ್ತಿರ ಕಲಾವಿದರು ಟೆಂಟ್ ಹಾಕುತ್ತಾರೆ. ನೋಡುವವರಿಗೆ ಒಂದೇ ಜಾತ್ರೆ. ಒಳಗೆ ಮಾತ್ರ ಬೇರೆ ಬೇರೆ ಸಂಸ್ಥೆಗಳು ಅಕ್ಕಪಕ್ಕ ನಡೆಸುವ ಮೇಳಗಳು. ಅರ್ಜಿ ಬೇರೆ, ಬಾಡಿಗೆ ಬೇರೆ, ಕೊಳ್ಳುವವರ ಸ್ವಭಾವವೂ ಒಂದು ಬೀದಿಯಿಂದ ಇನ್ನೊಂದಕ್ಕೆ ಬೇರೆ.

ಚಿತ್ರಸಂತೆ ಒಂದು ದಿನದ ಕೆಲಸ. ಕುಮಾರಕೃಪಾ ರಸ್ತೆಗೆ ಬೆಳಗ್ಗೆ ಹೋಗಿ, ಉಳಿದದ್ದನ್ನು ಸಂಜೆ ಆಟೋದಲ್ಲಿ ಹಾಕಿಕೊಂಡು ಮನೆಗೆ ಬರಬಹುದು. ಇಲ್ಲಿ ಬೇಸಿಗೆಯ ಮೇಳಕ್ಕೆ ಚಳಿಗಾಲದಲ್ಲೇ ಅರ್ಜಿ ಹಾಕಬೇಕು. 'ಜ್ಯಾಪ್' ಎಂಬ ವೆಬ್‌ಸೈಟ್‌ನಲ್ಲಿ ಕೃತಿಗಳ ಕೆಲವು ಫೋಟೋ, ಜೊತೆಗೆ ಸ್ಟಾಲ್ ಜೋಡಿಸಿದ ಒಂದು ಫೋಟೋ ಕಳಿಸುತ್ತೇವೆ. ಜ್ಯೂರಿ ಆರಿಸಲಿ ಬಿಡಲಿ, ಅರ್ಜಿಯ ದುಡ್ಡು ವಾಪಸ್ ಬರುವುದಿಲ್ಲ. ಆಯ್ಕೆಯಾದರೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗಕ್ಕೆ ಬಾಡಿಗೆ ಕಟ್ಟಬೇಕು. ಒಂದು ಚಿತ್ರವೂ ಮಾರಾಟವಾಗುವ ಎಷ್ಟೋ ತಿಂಗಳು ಮೊದಲೇ ಕೈಯಿಂದ ದುಡ್ಡು ಹೋಗಿರುತ್ತದೆ.

ಲೆಕ್ಕ ಹೀಗೆ ಹಾಕಿ ನೋಡಿ. ಅರ್ಜಿಗೆ 40 ಡಾಲರ್. ಜಾಗಕ್ಕೆ 500. ಪರ ಊರಾದರೆ ಹೋಟೆಲ್ಲಿಗೆ 300. ಪೆಟ್ರೋಲ್, ಊಟಕ್ಕೆ 160. ಅಲ್ಲಿಗೆ ಸಾವಿರ ಡಾಲರ್ ಆಯಿತು. 3,000 ಡಾಲರ್ ವ್ಯಾಪಾರ ಆಯಿತೆಂದು ಇಟ್ಟುಕೊಳ್ಳಿ. ಕಾಗದ, ಬಣ್ಣ, ಫ್ರೇಮ್, ಗಾಜಿಗೆ ಅದರ ಕಾಲು ಭಾಗ ಅಂದರೆ 750 ಹೋಯಿತು. ಎಲ್ಲರೂ ಕಾರ್ಡ್ ಉಜ್ಜುವವರೇ, ಅದಕ್ಕೆ ಸುಮಾರು 3% ಕೊಡಬೇಕು. ಉಳಿಯುವುದು 1,160. ಮೇಳದ ದಿನಗಳು, ಹೋಗಿಬರುವ ದಿನ, ಚಿತ್ರ ಬರೆಯಲು ಕೂತ ವಾರಗಳು ಎಲ್ಲಕ್ಕೂ ಸೇರಿ ಇಷ್ಟೇ. ಇದರ ಮೇಲೆ ಆದಾಯ ತೆರಿಗೆ ಬೇರೆ. ಮಿಷಿಗನ್‌ನ 6% ಮಾರಾಟ ತೆರಿಗೆಯನ್ನು ಕೊಳ್ಳುವವರಿಂದ ಪಡೆದು ಸರ್ಕಾರಕ್ಕೆ ಕಟ್ಟಬೇಕು, ಅದು ನಮ್ಮ ದುಡ್ಡಲ್ಲ. ಜಾಗದ ಬಾಡಿಗೆಯ ಹತ್ತು ಪಟ್ಟಾದರೂ ವ್ಯಾಪಾರ ಆಗಬೇಕು ಅಂತ ಈ ದಾರಿಯಲ್ಲಿ ಬಹಳ ವರ್ಷ ನಡೆದ ಕಲಾವಿದರು ಹೇಳುತ್ತಾರೆ. ಮೊದಲು ಕೇಳಿದಾಗ ಜಾಸ್ತಿ ಆಯಿತು ಅನಿಸುತ್ತದೆ. ಮೇಲಿನ ಲೆಕ್ಕ ನೋಡಿದರೆ ಅವರು ಹೇಳುವುದು ಸರಿಯೇ.

ಅಷ್ಟು ವ್ಯಾಪಾರ ಆಗುತ್ತದೋ ಇಲ್ಲವೋ ಅಂತ ಮೊದಲೇ ತಿಳಿಯುವುದು ಹೇಗೆ? ನನಗೆ ಗೊತ್ತಿರುವ ಒಳ್ಳೆಯ ದಾರಿ, ಒಂದು ವರ್ಷ ಮುಂಚೆ ಆ ಮೇಳಕ್ಕೆ ಸುಮ್ನೆ ನೋಡುವವರಾಗಿ ಹೋಗುವುದು. ಚಿತ್ರ ನೋಡುವುದು ಆಮೇಲೆ. ಮೊದಲು ಹೊರಗೆ ಹೋಗುವ ದಾರಿಯಲ್ಲಿ ನಿಂತು ಜನರ ಕೈ ನೋಡಿ. ಸುತ್ತಿ ಕಟ್ಟಿದ ಫ್ರೇಮ್, ಮಡಕೆಯ ಚೀಲ ಕಾಣುತ್ತದೆಯೇ? ಬರೀ ಐಸ್‌ಕ್ರೀಮ್, ನಿಂಬೆ ಶರಬತ್ತು ಕಾಣುತ್ತದೆಯೇ? ಹಾಡಿನ ವೇದಿಕೆ, ತಿಂಡಿ ಅಂಗಡಿಗಳ ಮುಂದೆ ಸಾವಿರಾರು ಜನ ಸೇರುತ್ತಾರೆ. ಅವರು ಬಂದಿರುವುದು ಮಕ್ಕಳ ಜೊತೆ ಒಂದು ಸಂಜೆ ಕಳೆಯುವುದಕ್ಕೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ 400 ಡಾಲರ್‌ನ ಚಿತ್ರ ಮಾರುವವರಿಗೆ ಆ ಗುಂಪಿನಿಂದ ಉಪಯೋಗ ಕಡಿಮೆ. ಸ್ಪೀಕರ್ ಪಕ್ಕದಲ್ಲಿ ಸ್ಟಾಲ್ ಸಿಕ್ಕರಂತೂ ಕೊಳ್ಳುವವರ ಜೊತೆ ಮಾತಾಡುವುದೇ ಕಷ್ಟ.

ಆಮೇಲೆ ಅಕ್ಕಪಕ್ಕದ ಬೆಲೆ ನೋಡಬೇಕು. ಸುತ್ತ ಎಲ್ಲ 30 ಡಾಲರ್ ವಸ್ತುಗಳೇ ಇದ್ದರೆ ನಮ್ಮ ಮೂಲ ಚಿತ್ರ ದುಬಾರಿಯಾಗಿ ಕಾಣುತ್ತದೆ. ಎಲ್ಲಿಂದಲೋ ಸಗಟು ತಂದ ಮಾಲನ್ನು ಕೈಕೆಲಸ ಎಂದು ಮಾರುವವರು ಕೆಲವು ಮೇಳಗಳಲ್ಲಿ ನುಸುಳಿರುತ್ತಾರೆ. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ಬರೆದಿದ್ದರೆ ಸಾಲದು, ಆಯೋಜಕರು ಸ್ಟಾಲ್‌ಗಳಿಗೆ ಬಂದು ಪರೀಕ್ಷಿಸುತ್ತಾರೆಯೇ ಎಂಬುದು ಮುಖ್ಯ. ಅದು ನಡೆಯದ ಒಂದು ಮೇಳವನ್ನು ನಾನು ಬಿಟ್ಟೆ. ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸಕ್ಕೆ ಅಲ್ಲಿ ಮರ್ಯಾದೆ ಇರಲಿಲ್ಲ.

ಕಲಾವಿದರನ್ನು ಮಾತಾಡಿಸುವುದಾದರೆ ಕೊನೆಯ ದಿನ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು ನೋಡಿ ಹೋಗಿ. ಮೊದಲ ದಿನ ಬೆಳಗ್ಗೆ ಎಲ್ಲರಿಗೂ ನಂಬಿಕೆ ಇರುತ್ತದೆ. "ಎಷ್ಟು ಮಾರಿದಿರಿ?" ಎಂದು ಕೇಳುವುದು ಚೆನ್ನಾಗಿರುವುದಿಲ್ಲ. "ಮುಂದಿನ ವರ್ಷ ಬರ್ತೀರಾ?" ಎಂದು ಕೇಳಿ. ಆ ಉತ್ತರದಲ್ಲಿ ಎಲ್ಲ ತಿಳಿಯುತ್ತದೆ. ಹಳೆಯ ವರ್ಷಗಳ ಕಲಾವಿದರ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮ ಥರದ ಕೆಲಸ ಮಾಡುವವರ ಹೆಸರು ವರ್ಷ ವರ್ಷ ಮತ್ತೆ ಕಾಣುತ್ತಿದ್ದರೆ ಅಲ್ಲಿ ಅವರಿಗೆ ಅನ್ನ ಹುಟ್ಟುತ್ತಿದೆ ಎಂದೇ ಅರ್ಥ.

ಹವಾಮಾನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಳೆ ಬಂತು ಎಂದು ಸಾಮಾನ್ಯವಾಗಿ ಬಾಡಿಗೆ ವಾಪಸ್ ಕೊಡುವುದಿಲ್ಲ. ಜುಲೈನಲ್ಲಿ ಇಲ್ಲಿ ಸೆಕೆ, ಅದರ ಹಿಂದೆಯೇ ಗುಡುಗು ಮಳೆ. ನನಗೆ ಮಳೆಗಿಂತ ಗಾಳಿಯ ಭಯ ಜಾಸ್ತಿ. ಟೆಂಟಿನ ಪ್ರತಿ ಕಾಲಿಗೂ 40 ಪೌಂಡ್, ಅಂದರೆ 18 ಕಿಲೋ ಭಾರವಾದರೂ ಕಟ್ಟಬೇಕು, ಆದರೆ ಇನ್ನೂ ಹೆಚ್ಚು ಕಟ್ಟುವುದೇ ಒಳ್ಳೆಯದು. ಒಂದು ಟೆಂಟ್ ಹಾರಿದರೆ ಪಕ್ಕದವರ ಗಾಜು, ಪಿಂಗಾಣಿ ಎಲ್ಲ ಪುಡಿಯಾಗುತ್ತದೆ.

ಊರಿಂದ ಬರುವವರಿಗೆ ಒಂದು ಮಾತು ಖಂಡಿತ ಹೇಳಬೇಕು. ಟೂರಿಸ್ಟ್ ವೀಸಾದಲ್ಲಿ ಮಗನ ಮನೆಗೋ ಮಗಳ ಮನೆಗೋ ಬಂದು ಇಲ್ಲಿ ಸ್ಟಾಲ್ ಹಾಕಿ ಮಾರುವಂತಿಲ್ಲ. ಗಂಡ ಅಥವಾ ಹೆಂಡತಿಯ ಜೊತೆ ಎಚ್-4 ವೀಸಾದಲ್ಲಿ ಬಂದವರೂ ಕೆಲಸದ ಪರವಾನಗಿ ಸಿಗುವವರೆಗೆ ಮಾರಬಾರದು. ನಾನೂ ಅದು ಕೈಗೆ ಬರುವವರೆಗೆ ಮಾರಿರಲಿಲ್ಲ. ಆ ದಿನಗಳಲ್ಲಿ ಮೇಳ ಸುತ್ತಿದ್ದೆ, ಕಲಾವಿದರ ಜೊತೆ ಮಾತಾಡಿದ್ದೆ. ಇವತ್ತು ನನಗೆ ಗೊತ್ತಿರುವ ಅರ್ಧ ವಿಷಯ ಆಗ ಕಲಿತದ್ದು.

ಹಾಗಾದರೆ ಆನ್ ಆರ್ಬರ್ ಲಾಭವೇ? ನನಗೆ ಲಾಭ. ರಾತ್ರಿ ಮನೆಗೆ ಬಂದು ಮಲಗಬಹುದು, ಹೋಟೆಲ್ ಖರ್ಚಿಲ್ಲ. ಮೇಳದಲ್ಲಿ ನೋಡಿ ಹೋದವರು ಚಳಿಗಾಲದಲ್ಲಿ ಫೋನ್ ಮಾಡಿ ದೊಡ್ಡ ಚಿತ್ರ ಬರೆಸುತ್ತಾರೆ. ಆ ದುಡ್ಡನ್ನೂ ನಾನು ಮೇಳದ ಲೆಕ್ಕಕ್ಕೇ ಸೇರಿಸುತ್ತೇನೆ. ಅದೇ ಕಲಾವಿದೆ ದೂರದ ರಾಜ್ಯದಿಂದ ವ್ಯಾನ್ ಬಾಡಿಗೆಗೆ ಹಿಡಿದು ಬಂದರೆ ಉತ್ತರ ಬೇರೆಯಾಗಬಹುದು. ಮಯಾಮಿಯ ಕೋಕನಟ್ ಗ್ರೋವ್ ಮೇಳ ಫೆಬ್ರವರಿಯಲ್ಲಿ ನಡೆಯುತ್ತದೆ, ಬಹಳ ಹೆಸರುವಾಸಿ. ಆದರೆ ಇಲ್ಲಿಂದ 2,000 ಕಿಲೋಮೀಟರ್‌ಗೂ ಜಾಸ್ತಿ. ಇಲ್ಲಿಂದ ಅಲ್ಲಿಗೆ ಹೋಗುವವರು ಒಂದೇ ಮೇಳಕ್ಕಾಗಿ ಹೋಗುವುದಿಲ್ಲ. ಚಳಿಗಾಲವಿಡೀ ಫ್ಲೋರಿಡಾದಲ್ಲೇ ಉಳಿದು ವಾರಕ್ಕೊಂದು ಊರಿನಂತೆ ಸುತ್ತುತ್ತಾರೆ. ಮಕ್ಕಳ ಸ್ಕೂಲ್ ಮುಗಿಯುವವರೆಗೆ ನನ್ನಿಂದ ಅದು ಆಗುವುದಿಲ್ಲ. ಹಾಗಾಗಿ ಸದ್ಯ ನನ್ನ ಅರ್ಜಿಗಳೆಲ್ಲ ಕಾರಿನಲ್ಲಿ ಮೂರು ಗಂಟೆಯೊಳಗೆ ತಲುಪುವ ಊರುಗಳಿಗೇ.